ನೋಂದಣಿ: ಏನನ್ನು ಬರೆಸುತ್ತೇವೆ, ಏನನ್ನು ಪಡೆಯುತ್ತೇವೆ

ಒಂದು ಘಟನೆ, ವ್ಯವಹಾರ, ಸಂಸ್ಥೆ ಅಥವಾ ವಸ್ತುವಿನ ವಿವರವನ್ನು ಕಾನೂನಿನ ಪ್ರಕಾರ ಅಧಿಕಾರವುಳ್ಳವರ ಪುಸ್ತಕದಲ್ಲಿ ಬರೆಸಿ, ಬರೆಸಿದ್ದಕ್ಕೆ ಸಂಖ್ಯೆಯನ್ನೋ ಪ್ರಮಾಣಪತ್ರವನ್ನೋ ಪಡೆಯುವುದಕ್ಕೆ ನೋಂದಣಿ ಎನ್ನುತ್ತಾರೆ. ಹುಟ್ಟಿದ ಕೂಸು, ಆದ ಮದುವೆ, ಕೊಂಡ ನಿವೇಶನ, ಓಡಿಸುವ ಬೈಕು, ಕಟ್ಟಿದ ಸಂಘ, ತೀರಿಕೊಂಡ ಹಿರಿಯರು, ಎಲ್ಲಕ್ಕೂ ಇದೊಂದೇ ಮಾತು. ಆದರೆ ಅದರ ಫಲ ಎಲ್ಲೆಡೆ ಒಂದೇ ಅಲ್ಲ. ಕೆಲವು ಕಡೆ ನೋಂದಣಿಯಾಗುವ ತನಕ ಕೆಲಸವೇ ನಡೆದಿಲ್ಲ ಎಂದು ಲೆಕ್ಕ. ಇನ್ನು ಕೆಲವು ಕಡೆ, ಆಗಿಹೋದ ಕೆಲಸಕ್ಕೆ ಅದು ಪುರಾವೆ ಮಾತ್ರ. ಈ ವ್ಯತ್ಯಾಸ ಗೊತ್ತಿಲ್ಲದೆ ಜೀವಮಾನದ ಉಳಿತಾಯವನ್ನು ಒಂದು ಸೈಟಿಗೆ ಸುರಿದು, ಆಮೇಲೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತುವ ಕುಟುಂಬಗಳು ಬಹಳ. ಆದ್ದರಿಂದ ಇಲ್ಲಿ ಭೂಮಿಯ ನೋಂದಣಿಗೆ ಹೆಚ್ಚು ಜಾಗ ಕೊಟ್ಟಿದೆ.

ಪದ ಮತ್ತು ಅದರ ಬಳಕೆ

ಮರಾಠಿಯಲ್ಲಿ ‘ನೋಂದ’ ಎಂದರೆ ಬರೆದಿಟ್ಟ ಟಿಪ್ಪಣಿ, ‘ನೋಂದಣೀ’ ಎಂದರೆ ಹಾಗೆ ಬರೆದಿಡುವ ಕ್ರಿಯೆ. ಕನ್ನಡದ ನೋಂದಣಿ, ನೋಂದಾವಣೆ, ನೋಂದಾಯಿಸು ಈ ಬಳಗದವು. ವಿಜಯಪುರದ ಸುಲ್ತಾನರ ಮತ್ತು ಮರಾಠರ ಆಡಳಿತದ ಕಾಲದಿಂದ ಕನ್ನಡದ ಕಚೇರಿಗಳಿಗೆ ಮರಾಠಿ, ಪಾರಸಿ, ಅರಬ್ಬಿ ಪದಗಳು ಹೇರಳವಾಗಿ ಬಂದವು. ದಸ್ತಾವೇಜು, ದಾಖಲೆ, ಜಮಾಬಂದಿ, ತಹಸೀಲು ಎಲ್ಲವೂ ಹಾಗೆ ಬಂದು ನಮ್ಮವಾದವು. ಅವುಗಳ ಪಕ್ಕದಲ್ಲೇ ‘ಕಡತ’ವೂ ಉಳಿದುಕೊಂಡಿತು. ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಮೂಲ ಕಡತ. ಈಗ ಸರ್ಕಾರಿ ಫೈಲಿಗೆ ಆ ಹೆಸರು.

ಬರವಣಿಗೆಯಲ್ಲಿ ‘ನೊ’ ದೀರ್ಘವಾಗಬೇಕು. ‘ನೊಂದಣಿ’ ಎಂದು ಬರೆದರೆ ‘ನೊಂದ’ ಎಂಬ ಬೇರೆಯೇ ಮಾತು ಒಳಗೆ ಬಂದು ಕೂರುತ್ತದೆ. ನೋಂದಣಿಗೂ ಅಧಿಕಾರಿಗೂ ಸಂಧಿ ಮಾಡುವಾಗ ವ್ಯಾಕರಣದ ಯಣ್ ಸಂಧಿಯನ್ನು ಯಾರೂ ಹಿಡಿಯಲಿಲ್ಲ. ‘ನೋಂದಣಾಧಿಕಾರಿ’ ಎಂದೇ ರೂಢಿಯಾಯಿತು, ಸರ್ಕಾರಿ ಫಲಕಗಳಲ್ಲೂ ಅದೇ ನಿಂತಿತು. ‘ನೋಂದಾಯಿತ’ ಎಂಬಲ್ಲಿ ಮರಾಠಿಯಿಂದ ಬಂದ ಧಾತುವಿಗೆ ಸಂಸ್ಕೃತದ ಪ್ರತ್ಯಯ ಅಂಟಿಕೊಂಡಿದೆ. ಶುದ್ಧಿವಾದಿಗಳಿಗೆ ಅದು ಒಪ್ಪಿಗೆಯಾಗದಿರಬಹುದು. ಆದರೂ ‘ನೋಂದಾಯಿತ ಮತದಾರರು’ ಎಂಬಷ್ಟು ಚೊಕ್ಕವಾಗಿ ಬೇರೆ ಹೇಗೂ ಹೇಳಲಾಗದು.

ಹತ್ತಿರದ ಪದಗಳು ಬೇರೆ ಬೇರೆ ಹೊಲ ಹಂಚಿಕೊಂಡಿವೆ. ಪೊಲೀಸ್ ಠಾಣೆಯಲ್ಲಿ ಪ್ರಕರಣ ‘ದಾಖಲಾಗುತ್ತದೆ’, ಶಾಲೆಯಲ್ಲಿ ಮಕ್ಕಳ ‘ದಾಖಲಾತಿ’ ನಡೆಯುತ್ತದೆ, ಪತ್ರ ಮಾತ್ರ ‘ನೋಂದಣಿ’ಯಾಗುತ್ತದೆ. ರಿಜಿಸ್ಟ್ರಾರ್ ಎಂಬ ಹುದ್ದೆ ಆಸ್ತಿಪತ್ರಗಳ ಕಚೇರಿಯಲ್ಲಿ ನೋಂದಣಾಧಿಕಾರಿ, ಸಹಕಾರ ಇಲಾಖೆಯಲ್ಲಿ ನಿಬಂಧಕ, ವಿಶ್ವವಿದ್ಯಾಲಯದಲ್ಲಿ ಕುಲಸಚಿವ. ಜನರ ಬಾಯಲ್ಲಿ ಇವ್ಯಾವುವೂ ಹೆಚ್ಚಿಲ್ಲ. ‘ರಿಜಿಸ್ಟರ್ ಆಯ್ತಾ?’ ಎಂಬುದೇ ಊರೂರಿನ ಪ್ರಶ್ನೆ, ‘ಸಬ್ ರಿಜಿಸ್ಟ್ರಾರ್ ಆಫೀಸು’ ಎಂಬುದೇ ವಿಳಾಸ.

1908ರ ಕಾಯ್ದೆ

ಭೂಮಿ ಕೈಬದಲಾದದ್ದನ್ನು ಹತ್ತು ಜನರಿಗೆ ತಿಳಿಯುವಂತೆ ಬರೆದಿಡುವುದು ಕನ್ನಡ ನಾಡಿಗೆ ಬ್ರಿಟಿಷರು ಕಲಿಸಿದ ಪಾಠವಲ್ಲ. ದಾನಶಾಸನಗಳಲ್ಲಿ ಕೊಟ್ಟವರು, ಪಡೆದವರು, ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳು, ಎಷ್ಟೋ ಸಲ ಬರೆದವನ ಮತ್ತು ಕಂಡರಿಸಿದವನ ಹೆಸರೂ ಇರುತ್ತವೆ. ಇಂದಿನ ಕ್ರಯಪತ್ರದ ಕೊನೆಯಲ್ಲಿ ಬರುವ ಚಕ್ಕುಬಂದಿ ಅದೇ ಎಲ್ಲೆ ಹೇಳುವ ಪದ್ಧತಿಯ ಮುಂದುವರಿಕೆ. ಉಯಿಲಿಗೆ ಈಗಲೂ ‘ಮರಣಶಾಸನ’ ಎನ್ನುತ್ತೇವೆ.

ಈಗಿನ ವ್ಯವಸ್ಥೆಗೆ ಆಧಾರ 1909ರ ಜನವರಿ 1ರಂದು ಜಾರಿಗೆ ಬಂದ 1908ರ ನೋಂದಣಿ ಕಾಯ್ದೆ. ಅದರ 17ನೇ ಕಲಮಿನಲ್ಲಿ ಕಡ್ಡಾಯವಾಗಿ ನೋಂದಣಿಯಾಗಬೇಕಾದ ಪತ್ರಗಳ ಪಟ್ಟಿಯಿದೆ: ಸ್ಥಿರಾಸ್ತಿಯ ದಾನಪತ್ರ, 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯಲ್ಲಿ ಹಕ್ಕನ್ನು ಹುಟ್ಟಿಸುವ ಅಥವಾ ಬಿಟ್ಟುಕೊಡುವ ಪತ್ರ, ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಅಥವಾ ಗುತ್ತಿಗೆ. ಈ ನೂರು ರೂಪಾಯಿಯ ಗೆರೆ ಶತಮಾನ ದಾಟಿದರೂ ಬದಲಾಗಿಲ್ಲ. ಹಾಗಾಗಿ ಈಗ ಯಾವ ಜಮೀನಿನ ಕ್ರಯವೂ ಅದರಿಂದ ಹೊರಗುಳಿಯುವುದಿಲ್ಲ. ನಗರಗಳ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ನಿಲ್ಲುವುದಕ್ಕೂ ಇದೇ ಕಲಮು ಕಾರಣ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮು ಇನ್ನೂ ಬಿಗಿ. ನೂರು ರೂಪಾಯಿ ಮೀರಿದ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದ ಮಾತ್ರ ಆಗಬಲ್ಲದು. ಪೂರ್ತಿ ಹಣ ಕೊಟ್ಟಾಗಿದೆ, ಸ್ವಾಧೀನ ಸಿಕ್ಕಿದೆ, ಹತ್ತು ವರ್ಷದಿಂದ ಉಳುತ್ತಿದ್ದೇವೆ ಎಂದರೂ ನೋಂದಾಯಿತ ಕ್ರಯಪತ್ರವಿಲ್ಲದೆ ಕ್ರಯ ಆದಂತಲ್ಲ. ಕಡ್ಡಾಯ ನೋಂದಣಿಯ ಪತ್ರ ನೋಂದಣಿಯಾಗದೆ ಉಳಿದರೆ, ಆ ವ್ಯವಹಾರಕ್ಕೆ ಸಾಕ್ಷ್ಯವಾಗಿ ನ್ಯಾಯಾಲಯ ಅದನ್ನು ಸ್ವೀಕರಿಸದು ಎಂದು ನೋಂದಣಿ ಕಾಯ್ದೆಯ 49ನೇ ಕಲಮು ಹೇಳುತ್ತದೆ.

ಜಿಪಿಎ, ಅಂದರೆ ಅಧಿಕಾರಪತ್ರ ಬರೆಸಿಕೊಂಡು ‘ಸೈಟು ಕೊಂಡೆ’ ಎಂದು ನಂಬಿದವರಿಗೆ 2011ರಲ್ಲಿ ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಜಿಪಿಎ, ಕ್ರಯದ ಕರಾರು, ಉಯಿಲು ಮೂರನ್ನೂ ಸೇರಿಸಿ ಕಟ್ಟಿದರೂ ಮಾಲೀಕತ್ವ ವರ್ಗವಾಗದು ಎಂಬುದು ಅದರ ತೀರ್ಪು. ಬೆಂಗಳೂರಿನ ಹೊರವಲಯದ ರೆವಿನ್ಯೂ ಬಡಾವಣೆಗಳಲ್ಲಿ ಇಂಥ ಕಾಗದಗಳ ಮೇಲೆ ಮನೆ ಕಟ್ಟಿದವರು ಕಡಿಮೆಯಿಲ್ಲ. ಅಧಿಕಾರಪತ್ರ ಎಂದರೆ ಒಬ್ಬರ ಪರವಾಗಿ ಇನ್ನೊಬ್ಬರು ಕೆಲಸ ಮಾಡುವ ಅನುಮತಿ, ಅಷ್ಟೇ. ಸಾಮಾನ್ಯ ಜಿಪಿಎಯ ಬಲ ಅದನ್ನು ಕೊಟ್ಟವರು ಸತ್ತ ದಿನವೇ ಮುಗಿಯುತ್ತದೆ.

ಕಚೇರಿಯೊಳಗೆ ನಡೆಯುವುದು

ಪತ್ರದ ಭಾಷೆಯಲ್ಲಿ ಮಾರುವವರು ‘ಬರೆದುಕೊಟ್ಟವರು’, ಕೊಳ್ಳುವವರು ‘ಬರೆಸಿಕೊಂಡವರು’. ಪತ್ರ ಬರಹಗಾರರ ಕೈಬರಹದ ಹಳೆಯ ಪತ್ರಗಳ ಕೊನೆಗೆ ‘ಬಿಕ್ಕಲಂ’ ಎಂದು ಬರೆದು ಬರಹಗಾರರು ತಮ್ಮ ಹೆಸರು ಹಾಕುತ್ತಿದ್ದರು. ಪತ್ರಕ್ಕೆ ಸಹಿ ಬಿದ್ದ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು. ತಪ್ಪಿದರೆ ಜಿಲ್ಲಾ ನೋಂದಣಾಧಿಕಾರಿ ದಂಡ ಹಾಕಿ ಇನ್ನೂ ನಾಲ್ಕು ತಿಂಗಳ ಅವಕಾಶ ಕೊಡಬಹುದು, ಆ ದಂಡ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೂ ಹೋಗಬಹುದು. ಉಯಿಲಿಗೆ ಮಾತ್ರ ಈ ಗಡುವಿಲ್ಲ.

ಕರ್ನಾಟಕದಲ್ಲಿ ಕೆಲಸವೀಗ ‘ಕಾವೇರಿ’ ತಂತ್ರಾಂಶದ ಮೂಲಕ ನಡೆಯುತ್ತದೆ. 2023ರಲ್ಲಿ ಬಂದ ಕಾವೇರಿ 2.0ರಲ್ಲಿ ವಿವರಗಳನ್ನು ಮೊದಲೇ ಆನ್‌ಲೈನಿನಲ್ಲಿ ತುಂಬಿ, ಪರಿಶೀಲನೆಯಾದ ಮೇಲೆ ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಕಚೇರಿಗೆ ಹೋಗುವುದು. ಅಲ್ಲಿ ಬರೆದುಕೊಟ್ಟವರ, ಬರೆಸಿಕೊಂಡವರ ಫೋಟೊ ಮತ್ತು ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳುತ್ತಾರೆ. ಆಗ ಉಪನೋಂದಣಾಧಿಕಾರಿ ಬರೆದುಕೊಟ್ಟವರನ್ನು ‘ಇದು ನೀವೇ ಬರೆದುಕೊಟ್ಟದ್ದೇ, ಒಪ್ಪುತ್ತೀರಾ?’ ಎಂದು ಕೇಳುತ್ತಾರೆ. ಇಡೀ ವಿಧಿಯ ತಿರುಳು ಈ ಪ್ರಶ್ನೆಯಲ್ಲಿದೆ. ಅವರು ‘ಇಲ್ಲ’ ಎಂದರೆ ಉಪನೋಂದಣಾಧಿಕಾರಿ ನೋಂದಣಿ ನಿರಾಕರಿಸಬೇಕು. ಅನಾರೋಗ್ಯದಿಂದ ಬರಲಾಗದವರ ಮನೆಗೆ ಅಧಿಕಾರಿಯೇ ಹೋಗಿ ಈ ಒಪ್ಪಿಗೆ ಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ. ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು ಇದನ್ನು ತಿಳಿದಿರಬೇಕು.

ಖರ್ಚಿನಲ್ಲಿ ಎರಡು ಪಾಲು. ಮುದ್ರಾಂಕ ಶುಲ್ಕಕ್ಕೆ 1957ರ ಕರ್ನಾಟಕ ಮುದ್ರಾಂಕ ಕಾಯ್ದೆ ಆಧಾರ, ಕ್ರಯಪತ್ರಕ್ಕೆ ಸಾಮಾನ್ಯವಾಗಿ ಶೇ 5, ಅದರ ಮೇಲೆ ಉಪಕರಗಳು. ನೋಂದಣಿ ಶುಲ್ಕ ಬೇರೆ. ಶೇ 1 ಇದ್ದದ್ದನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ಶೇ 2ಕ್ಕೆ ಏರಿಸಿದೆ. ಲೆಕ್ಕ ಹಾಕುವುದು ಪತ್ರದಲ್ಲಿ ಬರೆದ ಬೆಲೆ ಅಥವಾ ಸರ್ಕಾರದ ಮಾರ್ಗಸೂಚಿ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಛಾಪಾ ಕಾಗದ ಈಗ ಬಹುಪಾಲು ನೆನಪಷ್ಟೇ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದ ಹಗರಣ ಬಯಲಾದ ಮೇಲೆ ರಾಜ್ಯ ಇ-ಸ್ಟ್ಯಾಂಪಿಂಗ್ ಕಡೆಗೆ ಹೊರಳಿತು.

ಐದು ಪುಸ್ತಕಗಳು, ಒಂದು ಇ.ಸಿ.

ನೋಂದಣಿಯಾದದ್ದೆಲ್ಲ ಹೋಗಿ ಸೇರುವ ಪುಸ್ತಕಗಳನ್ನು ಕಾಯ್ದೆಯ 51ನೇ ಕಲಮು ಹೆಸರಿಸುತ್ತದೆ. ಸ್ಥಿರಾಸ್ತಿ ಪತ್ರಗಳಿಗೆ ಒಂದನೇ ಪುಸ್ತಕ, ನಿರಾಕರಣೆಯ ಕಾರಣಗಳಿಗೆ ಎರಡನೆಯದು, ಉಯಿಲು ಮತ್ತು ದತ್ತಕದ ಅಧಿಕಾರಪತ್ರಗಳಿಗೆ ಮೂರನೆಯದು, ಇತರೆ ಪತ್ರಗಳಿಗೆ ನಾಲ್ಕನೆಯದು, ಮೊಹರು ಮಾಡಿದ ಲಕೋಟೆಯಲ್ಲಿ ಠೇವಣಿಯಿಟ್ಟ ಉಯಿಲುಗಳಿಗೆ ಐದನೆಯದು. ಮೊದಲೆರಡು ಪುಸ್ತಕಗಳನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಒಂದನೇ ಪುಸ್ತಕವನ್ನು ಹೀಗೆ ತೆರೆದಿಟ್ಟದ್ದಕ್ಕೆ ಬಲವಾದ ಕಾರಣವಿದೆ. ಸ್ಥಿರಾಸ್ತಿಯ ಪತ್ರ ನೋಂದಣಿಯಾಯಿತೆಂದರೆ ಆಮೇಲೆ ಆ ಆಸ್ತಿಯ ವ್ಯವಹಾರಕ್ಕೆ ಇಳಿಯುವವರಿಗೆಲ್ಲ ಅದು ತಿಳಿದಿತ್ತು ಎಂದೇ ಕಾನೂನು ಭಾವಿಸುತ್ತದೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಅಲ್ಲಿ ನಡೆಯದು.

ಆ ಪುಸ್ತಕದ ಸೂಚಿಯಿಂದ ತೆಗೆದುಕೊಡುವುದೇ ಋಣಭಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಇ.ಸಿ. ವ್ಯವಹಾರಗಳಿದ್ದರೆ ನಮೂನೆ 15, ಕೇಳಿದ ಅವಧಿಯಲ್ಲಿ ಏನೂ ಇಲ್ಲದಿದ್ದರೆ ನಮೂನೆ 16. ಇ.ಸಿ. ‘ಕ್ಲಿಯರ್’ ಆಗಿದೆ ಎಂಬುದನ್ನೇ ಆಸ್ತಿಯ ಶುದ್ಧಿಪತ್ರವೆಂದು ಮಧ್ಯವರ್ತಿಗಳು ತೋರಿಸುವುದುಂಟು. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದದ್ದು ಮಾತ್ರ. ಬಾಯಿಮಾತಿನ ಪಾಲು, ಪೆಟ್ಟಿಗೆಯಲ್ಲಿರುವ ನೋಂದಣಿಯಾಗದ ಉಯಿಲು, ಅಣ್ಣ ತಮ್ಮಂದಿರ ನಡುವೆ ನಡೆಯುತ್ತಿರುವ ದಾವೆ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ.

ನೋಂದಣಿಯಾದ ಮಾತ್ರಕ್ಕೆ ಮಾಲೀಕರೇ?

ಅಲ್ಲ. ಭಾರತದಲ್ಲಿ ನೋಂದಣಿಯಾಗುವುದು ಪತ್ರವೇ ಹೊರತು ಮಾಲೀಕತ್ವವಲ್ಲ. ಇಂಥವರು ಇಂಥವರಿಗೆ ಇಂಥ ದಿನ ಹೀಗೆ ಬರೆದುಕೊಟ್ಟರು ಎಂಬುದಕ್ಕೆ ಸರ್ಕಾರ ಸಾಕ್ಷಿ ನಿಲ್ಲುತ್ತದೆ. ಬರೆದುಕೊಟ್ಟವರಿಗೆ ಆ ಜಮೀನು ನಿಜವಾಗಿ ಸೇರಿತ್ತೇ ಎಂಬುದಕ್ಕೆ ಹೊಣೆಯಾಗುವುದಿಲ್ಲ. ತನ್ನದಲ್ಲದ ಜಮೀನನ್ನು ಒಬ್ಬ ನೋಂದಾಯಿತ ಪತ್ರದಿಂದ ಮಾರಿದರೆ, ಕೊಂಡವರಿಗೆ ಸಿಗುವುದು ಮಾರಿದವನಲ್ಲಿದ್ದಷ್ಟೇ ಹಕ್ಕು, ಅಂದರೆ ಏನೂ ಇಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ಕೆ. ಗೋಪಿ ಪ್ರಕರಣದಲ್ಲಿ ತಮಿಳುನಾಡಿನ ಒಂದು ನಿಯಮವನ್ನು ರದ್ದುಪಡಿಸುತ್ತಾ, ಮಾರುವವರ ಮಾಲೀಕತ್ವ ಸಾಬೀತಾಗಿಲ್ಲವೆಂದು ನೋಂದಣಿ ನಿರಾಕರಿಸುವ ಅಧಿಕಾರ 1908ರ ಕಾಯ್ದೆಯಡಿ ಉಪನೋಂದಣಾಧಿಕಾರಿಗಿಲ್ಲ ಎಂದು ಸ್ಪಷ್ಟಪಡಿಸಿತು.

ಇನ್ನೊಂದು ಪದ್ಧತಿಯೂ ಜಗತ್ತಿನಲ್ಲಿದೆ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ತಂದ ಕಾನೂನಿನಲ್ಲಿ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅದಕ್ಕೆ ಸರ್ಕಾರದ್ದೇ ಖಾತರಿ. ಹಳೆಯ ಪತ್ರಗಳ ಸರಪಳಿ ಹುಡುಕುವ ಕೆಲಸ ಅಲ್ಲಿ ಬಹುಮಟ್ಟಿಗೆ ಇಲ್ಲ. ನಮ್ಮಲ್ಲಿ ಆ ಹುಡುಕಾಟ ಕೊಳ್ಳುವವರ ತಲೆಯ ಮೇಲೆ. ಮೂಲಪತ್ರಗಳನ್ನು ಹಿಂದಕ್ಕೆ ಹಿಂದಕ್ಕೆ ಓದುತ್ತಾ ಹೋಗಬೇಕು, ವಕೀಲರಿಂದ ಅಭಿಪ್ರಾಯ ಪಡೆಯಬೇಕು.

ಕರ್ನಾಟಕದಲ್ಲಿ ಇದಕ್ಕೆ ತೀಕ್ಷ್ಣವಾದ ಉದಾಹರಣೆ ಪಿಟಿಸಿಎಲ್ ಎಂದು ಎಲ್ಲರೂ ಕರೆಯುವ 1978ರ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಅಥವಾ ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಆ ವರ್ಗಾವಣೆ ಅಸಿಂಧು. ಪತ್ರ ಎಷ್ಟೇ ಕ್ರಮವಾಗಿ ನೋಂದಣಿಯಾಗಿರಲಿ, ಉಪವಿಭಾಗಾಧಿಕಾರಿ ಜಮೀನನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಲ್ಲರು. ಬಡವರ ಕೈಯಿಂದ ಅಗ್ಗಕ್ಕೆ ಜಾರಿಹೋಗುತ್ತಿದ್ದ ಭೂಮಿಯನ್ನು ಉಳಿಸಲು ಬಂದ ಕಾನೂನಿದು. ಹಾಗೆ ಕಳೆದುಕೊಂಡವರಿಗೆ ‘ರಿಜಿಸ್ಟರ್ ಆಗಿಹೋಗಿದೆ, ಇನ್ನೇನೂ ಮಾಡಲಾಗದು’ ಎಂದು ಹೇಳಿ ಬಾಯಿ ಮುಚ್ಚಿಸುವುದು ಇಂದಿಗೂ ನಡೆಯುತ್ತದೆ. ಆ ಮಾತು ಸುಳ್ಳು ಎಂಬುದು ಹಳ್ಳಿಯ ಕೊನೆಯ ಮನೆಗೂ ಮುಟ್ಟಬೇಕು.

ಖಾತೆ, ಪಹಣಿ

ನೋಂದಣಿ ಒಂದು ಇಲಾಖೆಯ ಕೆಲಸ, ಖಾತೆ ಬದಲಾವಣೆ ಬೇರೆ ಕಚೇರಿಯದ್ದು. ಜಮೀನಿನ ಕ್ರಯಪತ್ರ ನೋಂದಣಿಯಾದೊಡನೆ ಅದರ ಸೂಚನೆಯಾದ ಜೆ-ಸ್ಲಿಪ್ ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶಕ್ಕೆ ಹೋಗುತ್ತದೆ. ನೋಟಿಸಿನ ಅವಧಿ ಮುಗಿದು ತಕರಾರು ಬಾರದಿದ್ದರೆ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಪಟ್ಟಣಗಳಲ್ಲಿ ಸ್ಥಳೀಯ ಸಂಸ್ಥೆಯ ಖಾತೆಯಿದೆ. ನಗರಗಳಲ್ಲಿ 2024ರಿಂದ ನೋಂದಣಿಗೆ ಇ-ಖಾತೆ ಬೇಕೇಬೇಕು ಎಂಬ ಕ್ರಮ ಬಂದಿದೆ. ಖಾತೆ ಮತ್ತು ಪಹಣಿ ತೆರಿಗೆ, ಸ್ವಾಧೀನ, ಬೆಳೆಯ ಲೆಕ್ಕಕ್ಕಿರುವ ದಾಖಲೆಗಳು. ಅವು ಮಾಲೀಕತ್ವವನ್ನು ಹುಟ್ಟಿಸುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಾಗೆಂದು ಅಸಡ್ಡೆ ಮಾಡುವಂತಿಲ್ಲ. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪೌತಿ ಖಾತೆ ಮಾಡಿಸದ ಮನೆಗಳಲ್ಲಿ ಬೆಳೆಸಾಲ, ಪರಿಹಾರ, ಮಾರಾಟ ಎಲ್ಲವೂ ಅಲ್ಲೇ ತಡೆದು ನಿಲ್ಲುತ್ತದೆ.

ಪಾಲು, ಹೆಣ್ಣುಮಕ್ಕಳು

ಹಿಂದೂ ಅವಿಭಕ್ತ ಕುಟುಂಬದ ಪಾಲು ಬಾಯಿಮಾತಿನಲ್ಲೂ ಆಗಬಹುದು. ಹಿಂದೆ ಆಗಿಹೋದ ಪಾಲನ್ನು ನೆನಪಿಗೆಂದು ಬರೆದಿಟ್ಟ ಪಾರೀಖತ್ತಿಗೆ ನೋಂದಣಿ ಕಡ್ಡಾಯವಲ್ಲ. ಪಾಲು ಮಾಡುವುದೇ ಆ ಪತ್ರದಿಂದ ಎಂದಾದರೆ ಕಡ್ಡಾಯ. ಈ ಕೂದಲೆಳೆಯ ವ್ಯತ್ಯಾಸದ ಮೇಲೆ ಎಷ್ಟೋ ದಾವೆಗಳು ತೂಗಾಡಿವೆ.

2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಗಂಡುಮಕ್ಕಳಿಗೆ ಸಮನಾದ ಪಾಲುದಾರರಾದರು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಪಾಲನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಆದರೆ ಅಂಥ ಪಾಲು ನೋಂದಾಯಿತ ವಿಭಾಗಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆಗಿರಬೇಕೆಂದು ಕಾಯ್ದೆ ವಿವರಿಸಿದೆ. ತಂಗಿಯರು ಪಾಲು ಕೇಳಿದಾಗ ‘ನಮ್ಮದು ಎಂದೋ ಬಾಯಿಮಾತಲ್ಲಿ ಪಾಲಾಗಿದೆ’ ಎಂದುಬಿಡುವ ಸುಲಭದ ದಾರಿಗೆ ಹೀಗೆ ಅಡ್ಡಗಟ್ಟೆ ಬಿತ್ತು. 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ದಾಖಲೆಗಳ ಗಟ್ಟಿ ಬೆಂಬಲವಿರುವ ಅಪರೂಪದ ಪ್ರಕರಣಗಳನ್ನು ಬಿಟ್ಟು ಬಾಯಿಮಾತಿನ ಪಾಲಿನ ವಾದವನ್ನು ಒಪ್ಪಲಾಗದು ಎಂದಿತು. ನೋಂದಣಿಯ ಒಂದು ಸಾಲಿನ ಷರತ್ತು ಅಸಂಖ್ಯ ಹೆಣ್ಣುಮಕ್ಕಳ ಹಕ್ಕನ್ನು ಕಾದಿದೆ.

ಹುಟ್ಟು, ಸಾವು

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟನ್ನೂ ಸಾವನ್ನೂ 21 ದಿನಗಳೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಆದರೆ ತಿಳಿಸುವ ಹೊಣೆ ಆಸ್ಪತ್ರೆಯದು, ಮನೆಯಲ್ಲಿ ಆದರೆ ಮನೆಯ ಹಿರಿಯರದು. 30 ದಿನಗಳವರೆಗೆ ತಡವಾದರೆ ಸಣ್ಣ ಶುಲ್ಕ ಸಾಕು. ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಮಗುವಿಗೆ ಹೆಸರಿಟ್ಟಿಲ್ಲವೆಂದು ಕಾಯಬೇಕಿಲ್ಲ. ಹೆಸರಿಲ್ಲದೆಯೇ ಜನನ ನೋಂದಾಯಿಸಿ, ನಾಮಕರಣದ ನಂತರ ಸೇರಿಸಬಹುದು.

2023ರ ತಿದ್ದುಪಡಿ ಈ ಕಾಗದದ ತೂಕವನ್ನೇ ಬದಲಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆಯ ನೋಂದಣಿ, ಸರ್ಕಾರಿ ನೇಮಕಾತಿ ಮುಂತಾದವಕ್ಕೆ ಹುಟ್ಟಿದ ದಿನ, ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ಹಿಂದೆ ಮೇಷ್ಟ್ರು ಶಾಲೆಗೆ ಸೇರಿಸುವಾಗ ಬರೆದ ಅಂದಾಜು ಜನ್ಮದಿನ ಬದುಕೆಲ್ಲ ನಡೆಯುತ್ತಿತ್ತು. ಅಲೆಮಾರಿ ಕುಟುಂಬಗಳಲ್ಲಿ, ವಲಸೆ ಕೂಲಿಕಾರರ ಟೆಂಟುಗಳಲ್ಲಿ ಹುಟ್ಟುವ ಕೂಸುಗಳಿಗೆ ಈಗ ಆ ದಾರಿಯಿಲ್ಲ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಆ 21 ದಿನಗಳನ್ನು ನೆನಪಿಸುವ ಪ್ರತಿ ಸಲವೂ ಒಂದು ಮಗುವಿನ ಮುಂದಿನ ಅಲೆದಾಟ ತಪ್ಪುತ್ತದೆ.

ಮದುವೆ

ಇಲ್ಲಿ ನೋಂದಣಿಯ ಕೆಲಸವೇ ಎರಡು ಬಗೆ. 1955ರ ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರ, ಸಂಪ್ರದಾಯದಂತೆ ಮದುವೆ ನಡೆದಿದ್ದರೆ ಅದು ಮದುವೆಯೇ, ನೋಂದಾಯಿಸದಿದ್ದರೂ ಅಸಿಂಧುವಾಗದು. ಶಾಸ್ತ್ರವೇ ನಡೆಯದೆ ಪ್ರಮಾಣಪತ್ರ ಮಾತ್ರ ಇದ್ದರೆ ಮದುವೆಯಾಗದು. 1954ರ ವಿಶೇಷ ವಿವಾಹ ಕಾಯ್ದೆಯಡಿಯಾದರೋ 30 ದಿನಗಳ ನೋಟಿಸಿನ ನಂತರ ವಿವಾಹಾಧಿಕಾರಿಯ ಎದುರು ನಡೆಯುವುದೇ ಮದುವೆ. ಎಲ್ಲ ಮದುವೆಗಳ ನೋಂದಣಿಗೆ ಕರ್ನಾಟಕ 1976ರಲ್ಲೇ ಕಾಯ್ದೆ ಮಾಡಿತ್ತು. 2006ರ ಸೀಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ಕಡ್ಡಾಯಗೊಳಿಸಲು ಸೂಚಿಸಿತು. ಬಾಲ್ಯವಿವಾಹ ತಡೆಯಲು, ಬಿಟ್ಟುಹೋದ ಗಂಡನಿಂದ ಜೀವನಾಂಶ ಕೇಳಲು, ವಿಧವೆಗೆ ಹಕ್ಕು ಸಿಗಲು ಅದು ನೆರವಾಗುತ್ತದೆ ಎಂಬುದು ಆ ತೀರ್ಪಿನ ಹಿಂದಿನ ಕಾಳಜಿ.

ಸಂಘ, ವಾಹನ, ಊರಿನ ಹೆಸರು

ಸಂಘ, ಸಹಕಾರಿ, ಕಂಪನಿಗಳಿಗೆ ನೋಂದಣಿ ಎಂದರೆ ಹುಟ್ಟು. ಆ ದಿನದಿಂದ ಕಂಪನಿ, ಸಹಕಾರಿಗಳು ಸದಸ್ಯರಿಂದ ಬೇರೆಯಾದ ವ್ಯಕ್ತಿತ್ವ ಪಡೆದು ಆಸ್ತಿ ಹೊಂದಬಲ್ಲವು, ದಾವೆ ಹೂಡಬಲ್ಲವು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಗದಗ ಬಳಿಯ ಕಣಗಿನಹಾಳದ ರೈತರು ತಮ್ಮ ಪತ್ತಿನ ಸಂಘವನ್ನು ನೋಂದಾಯಿಸಿದರು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದರ ಮುಂದಾಳು. ಭಾರತದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಅದಕ್ಕೆ ಮೊದಲ ಸಾಲಿನಲ್ಲಿ ಸ್ಥಾನ. ವಾಹನಕ್ಕೆ ನೋಂದಣಿ ಎಂದರೆ ರಸ್ತೆಗಿಳಿಯುವ ಅನುಮತಿ, ಖಾಸಗಿ ಕಾರು ಬೈಕುಗಳಿಗೆ 15 ವರ್ಷ, ಆಮೇಲೆ ನವೀಕರಣ.

1999ರ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ಚೆನ್ನೈನ ನೋಂದಣಿ ಕಚೇರಿಯಲ್ಲಿ ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಬೀದರಿನ ಬಿದ್ರಿ, ಇಳಕಲ್ ಸೀರೆ, ಬ್ಯಾಡಗಿ ಮೆಣಸಿನಕಾಯಿ, ನಂಜನಗೂಡು ರಸಬಾಳೆ, ಉಡುಪಿಯ ಮಟ್ಟು ಗುಳ್ಳ ದಾಖಲಾಗಿವೆ. ಈ ಹಕ್ಕು ಒಬ್ಬರದಲ್ಲ, ಊರಿನ ಬೆಳೆಗಾರರ ಮತ್ತು ಕುಶಲಕರ್ಮಿಗಳ ಸಮುದಾಯದ್ದು. ಅವಧಿ ಹತ್ತು ವರ್ಷ, ನವೀಕರಿಸುತ್ತಾ ಹೋಗಬೇಕು. ಹೆಸರು ನೋಂದಣಿಯಾಗಿದ್ದರೂ, ಅದನ್ನು ಕಾನೂನಿನ ರಕ್ಷಣೆಯೊಡನೆ ಬಳಸಲು ಒಬ್ಬೊಬ್ಬ ನೇಕಾರ, ಒಬ್ಬೊಬ್ಬ ರೈತ ‘ಅಧಿಕೃತ ಬಳಕೆದಾರ’ರಾಗಿ ಬೇರೆಯೇ ಅರ್ಜಿ ಹಾಕಿ ತಮ್ಮ ಹೆಸರನ್ನು ಸೇರಿಸಿಕೊಳ್ಳಬೇಕು.